ಮರವಿಲ್ಲದ ದ್ವೀಪದಲ್ಲಿ ಏಳುನೂರು ವರ್ಷದ ಕೋಟೆ: ವಾರ್ಡೊ ಊರು ಅಲ್ಲಿ ಯಾಕೆ ಹುಟ್ಟಿತು?

ಪ್ರಶ್ನೆ: ನಾರ್ವೆಯ ನಕ್ಷೆ ನೋಡುತ್ತಿದ್ದಾಗ ಉತ್ತರದ ತುತ್ತತುದಿಯಲ್ಲಿ, ರಷ್ಯಾದ ಪಕ್ಕ, ವಾರ್ಡೊ ಎಂಬ ಊರು ಕಂಡಿತು. ಅಲ್ಲಿ ಮರ ಬೆಳೆಯಲ್ಲ, ಎರಡು ತಿಂಗಳು ಸೂರ್ಯ ಹುಟ್ಟಲ್ಲ ಅಂತ ಓದಿದೆ. ಆದರೂ 700 ವರ್ಷದಿಂದ ಕೋಟೆ ಇದೆಯಂತೆ. ಅಷ್ಟು ದೂರ ಹೋಗಿ ಯಾರು, ಯಾಕೆ ಊರು ಕಟ್ಟಿದರು? ಈಗ ಜನ ಊರು ಬಿಡುತ್ತಿದ್ದಾರೆ ಅನ್ನೋದು ನಿಜವೇ? ಮಗ ಟ್ರೊಮ್ಸೊದಲ್ಲಿ ಓದುತ್ತಿದ್ದಾನೆ, ಮುಂದಿನ ವರ್ಷ ಆ ಕಡೆ ಹೋಗುವ ಯೋಚನೆ ಇದೆ. ವಾರ್ಡೊವರೆಗೆ ಹೋಗಬಹುದಾ?
(ಧಾರವಾಡದ ಓದುಗರೊಬ್ಬರು)

ಉತ್ತರ: "ಅಷ್ಟು ದೂರ" ಅಂತ ಬರೆದಿದ್ದೀರಿ. ಓಸ್ಲೋದಿಂದ ನೋಡಿದರೆ ದೂರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾರೆಂಟ್ಸ್ ಸಮುದ್ರದ ಮೀನಿಗೆ ವಾರ್ಡೊ ಬಾಗಿಲಲ್ಲೇ ಇದೆ. ರಷ್ಯಾದ ಉತ್ತರ ಕರಾವಳಿಗೂ ಹತ್ತಿರ. ಈ ಊರು ಹುಟ್ಟಿದ್ದು ಮೀನು ಮತ್ತು ಗಡಿ ಎರಡರಿಂದ. ಪೂರ್ವದ ಕಡೆಯ ಸಮುದ್ರದಾರಿ ತೆರೆದಿದ್ದಾಗ ಊರು ಚೆನ್ನಾಗಿ ಬೆಳೆಯಿತು, ಆ ದಾರಿ ಮುಚ್ಚಿದಾಗಲೆಲ್ಲ ಸೊರಗಿತು. ಇದೊಂದು ಎಳೆ ಹಿಡಿದುಕೊಂಡರೆ ವಾರ್ಡೊದ ಇತಿಹಾಸ ಬಹುಪಾಲು ಅರ್ಥವಾಗುತ್ತದೆ.

ಮೊದಲು ಜಾಗ ಎಲ್ಲಿದೆ ನೋಡೋಣ. ವಾರ್ಡೊ ಇರುವುದು 70 ಡಿಗ್ರಿ ಉತ್ತರ ಅಕ್ಷಾಂಶ ದಾಟಿ, ಆರ್ಕ್‌ಟಿಕ್ ವೃತ್ತಕ್ಕಿಂತ ಎಷ್ಟೋ ಮೇಲೆ. ಇದು ಎಲ್ಲರೂ ಗಮನಿಸುವ ವಿಷಯ. ಗಮನಿಸದೇ ಹೋಗುವುದು ರೇಖಾಂಶ. ಊರು ಸುಮಾರು 31 ಡಿಗ್ರಿ ಪೂರ್ವದಲ್ಲಿದೆ. ಅಂದರೆ ಇಸ್ತಾಂಬುಲ್‌ಗಿಂತ ಪೂರ್ವಕ್ಕೆ, ಸೇಂಟ್ ಪೀಟರ್ಸ್‌ಬರ್ಗ್‌ಗಿಂತಲೂ ಪೂರ್ವಕ್ಕೆ, ಹೆಚ್ಚುಕಡಿಮೆ ಕೈರೋದ ನೇರಕ್ಕೆ. ಗಡಿಯಾರ ಮಾತ್ರ ಓಸ್ಲೋ, ಬರ್ಲಿನ್‌ನದೇ. ಹಾಗಾಗಿ ಚಳಿಗಾಲದ ಸಮಯದಲ್ಲಿ ಇಲ್ಲಿ ನೆತ್ತಿಹೊತ್ತು ಬೆಳಿಗ್ಗೆ 11ರ ಸುಮಾರಿಗೇ ಬಂದುಬಿಡುತ್ತದೆ. ನಾರ್ವೆ ಎಂದರೆ ಪಶ್ಚಿಮ ಯುರೋಪ್ ಅಂದುಕೊಂಡವರಿಗೆ ಇದು ನಂಬಲು ಸ್ವಲ್ಪ ಕಷ್ಟ, ಅಲ್ವಾ?

ಪುರಸಭೆಯ ಒಟ್ಟು ವಿಸ್ತೀರ್ಣ ಸುಮಾರು 600 ಚದರ ಕಿ.ಮೀ. ಅದರಲ್ಲಿ ಬಹುಪಾಲು ವಾರಾಂಗೆರ್ ಪರ್ಯಾಯದ್ವೀಪದ ಬೋಳು ಬೆಟ್ಟ, ಕಲ್ಲು, ಜೌಗು. ಊರು ಮಾತ್ರ ದಡದಿಂದ ಆಚೆ ಒಂದು ಪುಟ್ಟ ದ್ವೀಪದ ಮೇಲಿದೆ. ಈ ದ್ವೀಪಕ್ಕೆ ಎರಡು ಭಾಗ: ಪೂರ್ವದ್ದೊಂದು, ಪಶ್ಚಿಮದ್ದೊಂದು, ನಡುವೆ ಸಪೂರ ಸೊಂಟ. ಸೊಂಟದ ಬಳಿ ನೀರು ಒಳಗೆ ಬಾಗಿಕೊಂಡಿರುವಲ್ಲಿ ಬಂದರು. ಬಿರುಗಾಳಿಯ ಕರಾವಳಿಯಲ್ಲಿ ದೋಣಿ ಎಳೆದು ನಿಲ್ಲಿಸಲು ಹೀಗೊಂದು ಜಾಗ ಸಿಗುವುದು ದೊಡ್ಡ ವಿಷಯ.

ಇನ್ನು ನೀರು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ನಾರ್ವೆಯ ಉದ್ದಕ್ಕೂ ಹರಿದು ಬ್ಯಾರೆಂಟ್ಸ್ ಸಮುದ್ರಕ್ಕೆ ಬಂದು ಸೇರುತ್ತದೆ. ಹಾಗಾಗಿ ಇಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ. ಫೆಬ್ರವರಿಯ ಸರಾಸರಿ ಉಷ್ಣಾಂಶ ಮೈನಸ್ 4 ಡಿಗ್ರಿಯ ಆಸುಪಾಸು. ಇಷ್ಟು ಉತ್ತರದಲ್ಲಿ ಅದು ಚಳಿಯೇ ಅಲ್ಲ. ಕಾಡುವುದು ಬೇಸಿಗೆ. ಜುಲೈ ಸರಾಸರಿ 10 ಡಿಗ್ರಿಯ ಅಂಚಿನಲ್ಲಿ ನಿಲ್ಲುತ್ತದೆ. ಮರ ಬೆಳೆಯಲು ಬೇಕಾದ ಕನಿಷ್ಠ ಬೇಸಿಗೆ ಅಷ್ಟೇ, ಅದರ ಮೇಲೆ ವರ್ಷವಿಡೀ ಗಾಳಿ. ಹಾಗಾಗಿ ಮರವಿಲ್ಲ. ಕೋಟೆಯೊಳಗೆ ನೆಟ್ಟ ರೋವನ್ ಮರವನ್ನು ಚಳಿಗಾಲದಲ್ಲಿ ಹೊದಿಸಿ ಕಾಪಾಡಿಕೊಂಡು ಬಂದಿದ್ದರು ಎಂಬುದು ಊರಿನವರು ಪ್ರೀತಿಯಿಂದ ಹೇಳುವ ಕಥೆ. ನವೆಂಬರ್ ಕೊನೆಯ ವಾರದಿಂದ ಜನವರಿ 20ರ ಸುಮಾರಿನವರೆಗೆ ಸೂರ್ಯ ಮೇಲೆ ಬರುವುದಿಲ್ಲ. ಸೂರ್ಯನ ಪೂರ್ತಿ ಬಿಂಬ ಕೋಟೆಯ ಗೋಡೆಯಿಂದ ಮೊದಲು ಕಂಡ ದಿನ ಫಿರಂಗಿ ಹಾರಿಸುತ್ತಾರೆ, ಶಾಲೆಗೆ ರಜೆ.

ಈಗ ಮೀನು. ಇಲ್ಲಿಯ ರಾಜ ಕಾಡ್ ಮೀನು. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಕಾಡ್ ಲಿವರ್ ಎಣ್ಣೆಯ ಮಾತ್ರೆ ಇದೇ ಮೀನಿನದು. ಬೆಚ್ಚಗಿನ ನೀರೂ ಆರ್ಕ್‌ಟಿಕ್‌ನ ತಣ್ಣೀರೂ ಸೇರುವ ಬ್ಯಾರೆಂಟ್ಸ್ ಸಮುದ್ರ ಅದಕ್ಕೆ ಹುಲುಸಾದ ಮೇವಿನ ಜಾಗ. ವಸಂತದಲ್ಲಿ ಕಾಪೆಲಿನ್ ಎಂಬ ಸಣ್ಣ ಮೀನು ಮೊಟ್ಟೆ ಇಡಲು ಹಿಂಡುಹಿಂಡಾಗಿ ಈ ದಡಕ್ಕೆ ಬರುತ್ತದೆ, ಅದರ ಬೆನ್ನಟ್ಟಿ ಕಾಡ್ ಬರುತ್ತದೆ, ಅದರ ಹಿಂದೆ ದೋಣಿಗಳು. ಹಿಡಿದ ಮೀನನ್ನು ಜೋಡಿಜೋಡಿಯಾಗಿ ಬಾಲ ಕಟ್ಟಿ, ಕಟ್ಟಿಗೆಯ ಅಟ್ಟಣಿಗೆ ಮೇಲೆ ತೂಗುಹಾಕುತ್ತಾರೆ. ನಮ್ಮ ಕರಾವಳಿಯ ಒಣಮೀನಿಗೆ ಉಪ್ಪು ಬೇಕು, ಬಿಸಿಲು ಬೇಕು. ಇಲ್ಲಿ ಎರಡೂ ಬೇಡ. ಸೊನ್ನೆಯ ಆಚೀಚೆ ಆಡುವ ಚಳಿ, ಬಿಡದೆ ಬೀಸುವ ಗಾಳಿ, ಅಷ್ಟೇ. ಒಣಗಿದ ಮೇಲೆ ಕಟ್ಟಿಗೆಯಂತೆ ಗಟ್ಟಿ, ವರ್ಷಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಇಲ್ಲದ ಕಾಲದ ಯುರೋಪಿಗೆ ಇದು ಬಂಗಾರ. ಬರ್ಗೆನ್ ಪಟ್ಟಣದ ವ್ಯಾಪಾರಿಗಳ ಮೂಲಕ ಈ ಮೀನು ದಕ್ಷಿಣದವರೆಗೂ ಹೋಗುತ್ತಿತ್ತು.

ಮೀನು ಇದ್ದ ಕಡೆ ತೆರಿಗೆ, ತೆರಿಗೆ ಇದ್ದ ಕಡೆ ರಾಜ. ಈ ಸೀಮೆಯ ಮೂಲ ಜನ ಸಾಮಿಗಳು. ಅವರಿಂದ ತೆರಿಗೆ ಎತ್ತಲು ಒಂದು ಕಡೆಯಿಂದ ನಾರ್ವೆಯವರು, ಇನ್ನೊಂದು ಕಡೆಯಿಂದ ನೊವ್‌ಗೊರೊಡ್ ರಾಜ್ಯದವರು ಮತ್ತು ಕರೇಲಿಯನ್ನರು ಬರುತ್ತಿದ್ದರು. ಸಾಮಿಗಳ ಒಪ್ಪಿಗೆ ಯಾರೂ ಕೇಳಲಿಲ್ಲ. ನಾರ್ವೆಯ ದೊರೆ ಐದನೇ ಹೋಕೊನ್ 1300ರ ದಶಕದ ಆರಂಭದಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. 1307ರಲ್ಲಿ ಆರ್ಚ್‌ಬಿಷಪ್ ಬಂದು ಚರ್ಚನ್ನು ಪ್ರತಿಷ್ಠಾಪಿಸಿದರು. "ಇಲ್ಲಿವರೆಗೆ ನಮ್ಮದು" ಎಂದು ಹೇಳಲು ಆ ಕಾಲದಲ್ಲಿ ಇದ್ದ ದಾರಿ ಇದು: ಒಂದು ಗೋಡೆ, ಒಂದು ಚರ್ಚು. 1326ರಲ್ಲಿ ನೊವ್‌ಗೊರೊಡ್ ಜೊತೆ ಒಪ್ಪಂದವಾಯಿತು. ಆದರೂ ನೆಲದ ಗಡಿ ಖಚಿತವಾಗಿ ಗೆರೆ ಎಳೆದುಕೊಂಡದ್ದು ಸರಿಯಾಗಿ 500 ವರ್ಷಗಳ ಮೇಲೆ, 1826ರಲ್ಲಿ. ಈಗ ನೀವು ನೋಡುವ ನಕ್ಷತ್ರಾಕಾರದ ವಾರ್ಡೊಹುಸ್ ಕೋಟೆ 1734ರಿಂದ 1738ರ ನಡುವೆ ಕಟ್ಟಿದ್ದು. ಜಗತ್ತಿನ ಅತಿ ಉತ್ತರದ ಕೋಟೆ ಎಂದು ಅದಕ್ಕೆ ಹೆಸರು.

ಯುರೋಪಿನ ನಾವಿಕರಿಗೂ ಈ ಕೋಟೆ ಗುರುತಿನ ಜಾಗವಾಗಿತ್ತು. 1553ರಲ್ಲಿ ಚೀನಾಕ್ಕೆ ಉತ್ತರದ ದಾರಿ ಹುಡುಕುತ್ತ ಮೂರು ಇಂಗ್ಲಿಷ್ ಹಡಗುಗಳು ಹೊರಟವು. ಬೇರ್ಪಟ್ಟರೆ ವಾರ್ಡೊಹುಸ್‌ನಲ್ಲಿ ಸೇರುವುದು ಎಂದು ಮೊದಲೇ ಮಾತಾಗಿತ್ತು. ಬಿರುಗಾಳಿಗೆ ಬೇರ್ಪಟ್ಟರು. ರಿಚರ್ಡ್ ಚಾನ್ಸಲರ್ ಇಲ್ಲಿಗೆ ಬಂದು ಕಾದ, ಉಳಿದವರು ಬರಲಿಲ್ಲ. ಹ್ಯೂ ವಿಲೋಬಿ ಮತ್ತು ಅವನ ಜೊತೆಯವರೆಲ್ಲ ಪೂರ್ವಕ್ಕೆ ರಷ್ಯಾದ ಕೋಲಾ ದಡದಲ್ಲಿ ಚಳಿಗಾಲ ಕಳೆಯಲು ಹೋಗಿ ಸತ್ತರು. ಚಾನ್ಸಲರ್ ರಷ್ಯಾದ ಉತ್ತರದ ಶ್ವೇತ ಸಮುದ್ರಕ್ಕೆ ಹೋಗಿ, ಅಲ್ಲಿಂದ ಮಾಸ್ಕೋ ಸೇರಿ, ಇಂಗ್ಲೆಂಡ್ ಮತ್ತು ರಷ್ಯಾದ ವ್ಯಾಪಾರಕ್ಕೆ ದಾರಿ ಮಾಡಿದ.

ಮುಂದಿನದು ಕಷ್ಟದ ಕಥೆ. ಆದರೂ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ವಾರ್ಡೊದಲ್ಲಿ ನೀವು ನೋಡಲೇಬೇಕಾದ ಜಾಗ ಅದಕ್ಕೆ ಸೇರಿದ್ದು.

1617ರ ಕ್ರಿಸ್‌ಮಸ್ ಹಿಂದಿನ ದಿನ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದಿತು. ವಾರ್ಡೊ ಮತ್ತು ಪಕ್ಕದ ಕಿಬೆರ್ಗ್‌ನ ಹತ್ತು ದೋಣಿ ಮುಳುಗಿ ಸುಮಾರು 40 ಗಂಡಸರು ಸತ್ತರು. ಅಷ್ಟು ಸಣ್ಣ ಊರುಗಳಲ್ಲಿ 40 ಜನ ಅಂದರೆ ಮನೆಮನೆಗೂ ಸಾವು. ಅದೇ ವರ್ಷ ಡೆನ್ಮಾರ್ಕ್-ನಾರ್ವೆಯ ದೊರೆ ನಾಲ್ಕನೇ ಕ್ರಿಶ್ಚಿಯನ್ ಮಾಟಗಾತಿಯರ ವಿರುದ್ಧ ಕಟ್ಟುನಿಟ್ಟಿನ ಕಾನೂನು ಹೊರಡಿಸಿದ್ದ. 1619ರಲ್ಲಿ ಜಾನ್ ಕನಿಂಗ್‌ಹ್ಯಾಮ್ ಎಂಬ ಸ್ಕಾಟ್ಲೆಂಡಿನವನು ಇಲ್ಲಿಗೆ ರಾಜನ ಅಧಿಕಾರಿಯಾಗಿ ಬಂದ. ಸ್ಕಾಟ್ಲೆಂಡಿನಲ್ಲಿ ಆಗಲೇ ಮಾಟಗಾತಿಯರ ಬೇಟೆ ಜೋರಾಗಿತ್ತು. ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ ಹೆಂಗಸರ ಗುಂಪು ಇರುತ್ತದೆ ಎಂಬ ನಂಬಿಕೆ ಅವನ ಜೊತೆಗೇ ಬಂದಿರಬೇಕು ಎಂದು ಈ ವಿಚಾರಣೆಗಳ ಕಡತಗಳನ್ನು ಓದಿದ ಇತಿಹಾಸಕಾರ್ತಿ ಲಿವ್ ಹೆಲೆನ್ ವಿಲುಮ್‌ಸೆನ್ ಹೇಳುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ.

1621ರಲ್ಲಿ ಆ ಬಿರುಗಾಳಿಯ ಲೆಕ್ಕ ಚುಕ್ತಾ ಆಯಿತು. ಹಿಂಸೆಗೆ ಸಿಕ್ಕ ಹೆಂಗಸರು ತಪ್ಪೊಪ್ಪಿಕೊಂಡರು: ಮೀನಿನ ಹಗ್ಗಕ್ಕೆ ಮೂರು ಗಂಟು ಹಾಕಿ, ಉಗುಳಿ, ಬಿಚ್ಚಿದೆವು, ಆಗ ಸಮುದ್ರ ಎದ್ದಿತು ಎಂದು. ಊರಿನ ದಕ್ಷಿಣಕ್ಕಿರುವ ಡೊಮೆನ್ ಗುಡ್ಡದ ಮೇಲೆ ಸೈತಾನನ ಜೊತೆ ಕುಣಿದೆವು ಎಂದು. ಕೈಕಾಲು ಕಟ್ಟಿ ತಣ್ಣೀರಿಗೆ ಎಸೆಯುವ ಪರೀಕ್ಷೆಯೂ ಇತ್ತು. ಮುಳುಗಿದರೆ ನಿರಪರಾಧಿ, ತೇಲಿದರೆ ಅಪರಾಧಿ. 1662-63ರ ಚಳಿಗಾಲದಲ್ಲಿ ಈ ಭೀತಿ ಮತ್ತೆ ಹೊತ್ತಿಕೊಂಡಾಗ ಸಣ್ಣ ಹುಡುಗಿಯರ ಮೇಲೂ ಆರೋಪ ಬಂತು. ಕೊನೆಗೆ ಮೇಲಿನ ನ್ಯಾಯಾಲಯ ಆ ಮಕ್ಕಳನ್ನು ಬಿಟ್ಟಿತು.

1600ರಿಂದ 1692ರವರೆಗೆ ವಾರ್ಡೊ ಇರುವ ಫಿನ್‌ಮಾರ್ಕ್ ಪ್ರಾಂತ್ಯದಲ್ಲಿ 135 ಜನರ ಮೇಲೆ ಆರೋಪ ಬಂತು, 91 ಜನ ಪ್ರಾಣ ಕಳೆದುಕೊಂಡರು. ಇವರಲ್ಲಿ 77 ಹೆಂಗಸರು, 14 ಗಂಡಸರು. ಇಡೀ ಪ್ರಾಂತ್ಯದ ಜನಸಂಖ್ಯೆ ಆಗ ಬರೀ ಮೂರು ಸಾವಿರದಷ್ಟು ಎಂಬುದನ್ನು ನೆನಪಿಡಿ. ಸತ್ತ ಗಂಡಸರಲ್ಲಿ ಹೆಚ್ಚಿನವರು ಸಾಮಿಗಳು. ಕೊನೆಯವರು ಆಂಡೆರ್ಸ್ ಪೌಲ್‌ಸೆನ್ ಎಂಬ ವಯಸ್ಸಾದ ಸಾಮಿ. ತಮ್ಮ ಸಂಪ್ರದಾಯದ ತಮಟೆ ಇಟ್ಟುಕೊಂಡಿದ್ದಕ್ಕೆ 1692ರಲ್ಲಿ ಅದೇ ಪ್ರಾಂತ್ಯದ ವಾಡ್ಸೊ ಎಂಬ ಊರಿನಲ್ಲಿ ವಿಚಾರಣೆಗೆ ನಿಂತರು, ತೀರ್ಪು ಬರುವ ಮೊದಲೇ ಸೆರೆಯಲ್ಲಿ ಕೊಲೆಯಾದರು. ಅವರ ತಮಟೆ ಡೆನ್ಮಾರ್ಕಿನ ವಶದಲ್ಲೇ ಇತ್ತು. ಸಾಮಿಗಳ ಕೈಗೆ ಅದು ಅಧಿಕೃತವಾಗಿ ಸೇರಿದ್ದು 2022ರಲ್ಲಿ.

ಇವರ ನೆನಪಿಗೆ 2011ರಲ್ಲಿ ರಾಣಿ ಸೋನ್ಯಾ ಸ್ಟೈಲ್‌ನೆಸೆಟ್ ಸ್ಮಾರಕ ಉದ್ಘಾಟಿಸಿದರು. ಸ್ವಿಟ್ಜರ್‌ಲೆಂಡಿನ ವಾಸ್ತುಶಿಲ್ಪಿ ಪೀಟರ್ ಝುಮ್ತೋರ್ ಕಟ್ಟಿದ ಭಾಗ ಸಮುದ್ರದಂಚಿನಲ್ಲಿ ಸುಮಾರು 125 ಮೀಟರ್ ಉದ್ದಕ್ಕೆ ಚಾಚಿಕೊಂಡಿದೆ. ಹೊರಗಿನ ಕಟ್ಟಿಗೆ ಚೌಕಟ್ಟು ಮೀನು ಒಣಗಿಸುವ ಅಟ್ಟಣಿಗೆಯ ಹಾಗೇ ಇದೆ. ಅದರೊಳಗೆ ಬಟ್ಟೆಯ ಸುರಂಗ ತೂಗುಹಾಕಿದ್ದಾರೆ. ಒಳಗೆ ಕತ್ತಲು. 91 ಸಣ್ಣ ಕಿಟಕಿ, ಪ್ರತಿ ಕಿಟಕಿಗೂ ಒಂದು ಬಲ್ಬು, ಪಕ್ಕದಲ್ಲಿ ರೇಷ್ಮೆ ಬಟ್ಟೆಯ ಮೇಲೆ ಒಬ್ಬೊಬ್ಬರ ಹೆಸರು, ಆರೋಪ, ತೀರ್ಪು. ಆ ಬರಹ ವಿಲುಮ್‌ಸೆನ್ ಅವರದ್ದು. ಗಾಳಿ ಬೀಸಿದಾಗ ಸುರಂಗವೇ ಅಲುಗುತ್ತದೆ. ಪಕ್ಕದ ಕಪ್ಪು ಗಾಜಿನ ಕೋಣೆಯಲ್ಲಿ ಕಲಾವಿದೆ ಲೂಯಿಸ್ ಬೂರ್ಜ್ವಾ ಅವರ ಕೃತಿ: ಬೆಂಕಿ ಉರಿಯುವ ಒಂದು ಕುರ್ಚಿ, ಸುತ್ತ ದೊಡ್ಡ ಕನ್ನಡಿಗಳು. ಅವಸರ ಮಾಡದೆ, ಹೆಸರುಗಳನ್ನು ಒಂದೊಂದಾಗಿ ಓದುತ್ತ ನಡೆಯಿರಿ ಎಂಬುದೇ ನನ್ನ ಸಲಹೆ.

ಇನ್ನೊಂದು ಘಟನೆಗೆ ಭಾರತದ ನಂಟೂ ಇದೆ. 1769ರ ಜೂನ್ 3ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಭೂಮಿಯ ದೂರದೂರದ ಜಾಗಗಳಿಂದ ಅದನ್ನು ಅಳೆದರೆ ಸೂರ್ಯ ಎಷ್ಟು ದೂರ ಇದ್ದಾನೆ ಎಂದು ಲೆಕ್ಕ ಹಾಕಬಹುದು. ಯುರೋಪಿನ ಹೆಚ್ಚಿನ ಕಡೆ ಅಷ್ಟು ಹೊತ್ತಿಗೆ ರಾತ್ರಿ. ವಾರ್ಡೊದಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಪೂರ್ತಿ ಸಂಕ್ರಮಣ ಇಲ್ಲಿಂದ ಕಾಣುತ್ತಿತ್ತು. ವಿಯೆನ್ನಾದ ಪಾದ್ರಿ, ಖಗೋಳಜ್ಞ ಮ್ಯಾಕ್ಸಿಮಿಲಿಯನ್ ಹೆಲ್ ಹಿಂದಿನ ಶರತ್ಕಾಲದಲ್ಲೇ ಬಂದು, ವೀಕ್ಷಣಾಲಯ ಕಟ್ಟಿಕೊಂಡು, ಚಳಿಗಾಲ ಪೂರ್ತಿ ಕಾದರು. ಆ ದಿನ ಮೋಡ ಸರಿಯಿತು, ಅಳತೆ ಸಿಕ್ಕಿತು. ಅದೇ ಸಂಕ್ರಮಣಕ್ಕಾಗಿ ನಮ್ಮ ಪಾಂಡಿಚೇರಿಯಲ್ಲಿ ಕಾದಿದ್ದ ಫ್ರೆಂಚ್ ಖಗೋಳಜ್ಞ ಲ ಜಾಂತಿಗೆ ಬೆಳಗಿನ ಮೋಡದಲ್ಲಿ ಏನೂ ಕಾಣಲಿಲ್ಲ. ಹೆಲ್ ಲೆಕ್ಕ ತಿದ್ದಿದ್ದಾರೆ ಎಂಬ ಆರೋಪ ಮುಂದೆ ಬಂತು. ಅಮೆರಿಕದ ಖಗೋಳಜ್ಞ ಸೈಮನ್ ನ್ಯೂಕಂಬ್ 1883ರಲ್ಲಿ ಮೂಲ ಕೈಬರಹ ಪರೀಕ್ಷಿಸಿ ಅದು ಸುಳ್ಳು ಎಂದು ತೋರಿಸಿದರು. ಹೆಲ್ ಜೊತೆ ಬಂದಿದ್ದ ಹಂಗೇರಿಯ ಯಾನೋಶ್ ಶಾಯ್ನೊವಿಚ್ ಇಲ್ಲಿ ಸಾಮಿ ಭಾಷೆ ಕೇಳಿ, ಅದಕ್ಕೂ ಹಂಗೇರಿಯನ್‌ಗೂ ಸಂಬಂಧವಿದೆ ಎಂದು 1770ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು.

ಊರು ನಿಜವಾಗಿ ಅರಳಿದ್ದು ಆಮೇಲೆ. ಫಿನ್‌ಮಾರ್ಕ್‌ನ ವ್ಯಾಪಾರ ಕೆಲವರ ಏಕಸ್ವಾಮ್ಯದಲ್ಲಿತ್ತು. ಅದು ರದ್ದಾಗಿ 1789ರಲ್ಲಿ ವಾರ್ಡೊ ಮತ್ತು ಹ್ಯಾಮರ್‌ಫೆಸ್ಟ್ ಎರಡಕ್ಕೂ ಪಟ್ಟಣದ ಹಕ್ಕು ಸಿಕ್ಕಿತು. ಶ್ವೇತ ಸಮುದ್ರದ ಕಡೆಯಿಂದ ಪೊಮೊರ್ ಎಂಬ ರಷ್ಯನ್ ವ್ಯಾಪಾರಿಗಳು ಬೇಸಿಗೆಯಲ್ಲಿ ಹಡಗು ತುಂಬ ರೈ ಹಿಟ್ಟು, ಮರ, ಹಗ್ಗ, ಡಾಂಬರು ತಂದು ಮೀನು ಒಯ್ಯುತ್ತಿದ್ದರು.

ಇದು ಯಾಕೆ ಅಷ್ಟು ಚೆನ್ನಾಗಿ ಹೊಂದಿಕೊಂಡಿತು ಗೊತ್ತಾ? ನಡು ಬೇಸಿಗೆಯಲ್ಲಿ ಮೀನು ಹಾಕಿದರೆ ನೊಣ ಕೂತು ಹುಳ ಬೀಳುತ್ತದೆ, ಒಣಗಿಸಲು ಆಗುವುದಿಲ್ಲ. ದಕ್ಷಿಣದ ವ್ಯಾಪಾರಿಗಳಿಗೆ ಬೇಕಾಗಿದ್ದು ಒಣಮೀನು. ಹಾಗಾಗಿ ಆ ವಾರಗಳಲ್ಲಿ ಹಿಡಿದ ಮೀನಿಗೆ ಗಿರಾಕಿ ಇರಲಿಲ್ಲ. ಪೊಮೊರ್‌ಗಳು ಸರಿಯಾಗಿ ಅದೇ ಹೊತ್ತಿಗೆ ಬಂದು ಹಸಿ ಮೀನು ಕೊಂಡು, ಹಡಗಿನಲ್ಲೇ ಉಪ್ಪು ಹಾಕಿಕೊಂಡು ಹೋಗುತ್ತಿದ್ದರು. ಧಾನ್ಯ ಬೆಳೆಯದ ದಡಕ್ಕೆ ಹಿಟ್ಟು ಸಿಕ್ಕಿತು, ಉಪವಾಸದ ದಿನಗಳಲ್ಲಿ ಮಾಂಸ ಬಿಡುವ ರಷ್ಯನ್ನರಿಗೆ ಮೀನು ಸಿಕ್ಕಿತು. ದಕ್ಷಿಣದಿಂದ ಧಾನ್ಯ ಬಾರದ ವರ್ಷಗಳಲ್ಲಿ ಈ ಹಿಟ್ಟು ಜೀವ ಉಳಿಸಿತು. ಎರಡೂ ಕಡೆಯವರು ಕೆಲವೇ ನೂರು ಪದಗಳ ಒಂದು ಮಿಶ್ರ ಭಾಷೆ ಕಟ್ಟಿಕೊಂಡು ಚೌಕಾಸಿ ಮಾಡುತ್ತಿದ್ದರು. ವಾರ್ಡೊದ ಹಳೆಯ ಮರದ ಗೋದಾಮಿನಲ್ಲಿ ಈಗ ಪೊಮೊರ್ ಮ್ಯೂಸಿಯಂ ಇದೆ, ಬಿಡಬೇಡಿ. ನಾರ್ವೆಯ ಧ್ರುವ ಅನ್ವೇಷಕ ಫ್ರಿತ್ಯೋಫ್ ನಾನ್ಸೆನ್ 1893ರ ಜುಲೈನಲ್ಲಿ ಉತ್ತರ ಧ್ರುವದ ಕಡೆ ಹೊರಟಾಗ ನಾರ್ವೆಯಲ್ಲಿ ಕೊನೆಗೆ ಬಿಟ್ಟ ಬಂದರು ವಾರ್ಡೊ. 1896ರ ಆಗಸ್ಟ್ 13ರಂದು ಅವರು ಮೊದಲು ಕಾಲಿಟ್ಟು, ಬದುಕಿದ್ದೇವೆ ಎಂದು ಜಗತ್ತಿಗೆ ತಂತಿ ಕಳಿಸಿದ್ದೂ ಇಲ್ಲಿಂದಲೇ.

1917ರ ರಷ್ಯನ್ ಕ್ರಾಂತಿಯೊಂದಿಗೆ ಆ ವ್ಯಾಪಾರ ನಿಂತುಹೋಯಿತು. ಬಾಗಿಲು ಮೊದಲ ಸಲ ಗಟ್ಟಿಯಾಗಿ ಮುಚ್ಚಿತು.

1940ರಲ್ಲಿ ಜರ್ಮನ್ ಪಡೆ ಬಂತು. ಇದೇ ಪುರಸಭೆಗೆ ಸೇರಿದ ಕಿಬೆರ್ಗ್‌ನ ಜನರಿಗೆ ರಷ್ಯಾದ ದಡ ಮೊದಲಿನಿಂದ ಪರಿಚಿತ. ಆ ವರ್ಷದ ಶರತ್ಕಾಲದಲ್ಲಿ ಅಲ್ಲಿಯ ಹಲವು ಕುಟುಂಬಗಳು ದೋಣಿ ಹತ್ತಿ ಸೋವಿಯತ್ ದಡಕ್ಕೆ ಹೋದವು. ಅವರಲ್ಲಿ ಕೆಲವರು ತರಬೇತಿ ಪಡೆದು ಗುಟ್ಟಾಗಿ ವಾಪಸ್ ಬಂದು, ಕರಾವಳಿಯ ಕಲ್ಲುಸಂದಿಗಳಲ್ಲಿ ಅಡಗಿ, ಜರ್ಮನ್ ಹಡಗುಗಳ ಸುದ್ದಿಯನ್ನು ರೇಡಿಯೋದಲ್ಲಿ ಕಳಿಸಿದರು. ಸಿಕ್ಕಿಬಿದ್ದವರು ಸತ್ತರು. ಯುದ್ಧ ಮುಗಿದ ಮೇಲೆ ಬದುಕಿ ಉಳಿದವರಿಗೆ ಹಾರ ಹಾಕಲಿಲ್ಲ, ಶೀತಲ ಸಮರದ ಕಾಲದಲ್ಲಿ ಅವರನ್ನು ಅನುಮಾನದಿಂದ ನೋಡಿದರು. ದೊರೆ ಐದನೇ ಹರಾಲ್ಡ್ 1992ರಲ್ಲಿ ಕಿಬೆರ್ಗ್‌ಗೆ ಹೋಗಿ ಆ ಜನರಿಗಾದ ನೋವನ್ನು ಒಪ್ಪಿಕೊಂಡು ಮಾತಾಡಿದರು. ಅಷ್ಟೊತ್ತಿಗೆ ಬಹಳ ಜನ ತೀರಿಹೋಗಿದ್ದರು. ಈ ಅನ್ಯಾಯದ ಬಗ್ಗೆ ಓದುವಾಗ ಇವತ್ತಿಗೂ ಮನಸ್ಸು ಕಲಕುತ್ತದೆ. ವಾರ್ಡೊ ಪಟ್ಟಣ ಸೋವಿಯತ್ ಬಾಂಬಿಗೂ, 1944ರಲ್ಲಿ ಹಿಮ್ಮೆಟ್ಟುವ ಜರ್ಮನ್ನರ ಬೆಂಕಿಗೂ ಸಿಕ್ಕಿ ಬಹುಪಾಲು ನಾಶವಾಯಿತು. ಈಗಿನ ಮನೆಗಳಲ್ಲಿ ಹೆಚ್ಚಿನವು ಆಮೇಲೆ ಕಟ್ಟಿದ್ದು.

ಜನ ಊರು ಬಿಡುತ್ತಿದ್ದಾರಾ ಎಂದು ಕೇಳಿದ್ದೀರಿ. ಹೌದು. ಯುದ್ಧದ ನಂತರದ ದಶಕಗಳಲ್ಲಿ ನಾಲ್ಕು ಸಾವಿರದ ಹತ್ತಿರ ಹೋಗಿದ್ದ ಜನಸಂಖ್ಯೆ ಈಗ ಎರಡು ಸಾವಿರದ ಆಸುಪಾಸಿಗೆ ಇಳಿದಿದೆ. ಚಳಿ, ಕತ್ತಲೆ ಕಾರಣ ಅಂತ ಸುಮ್ನೆ ಹೇಳಿಬಿಡುತ್ತಾರೆ, ಅದು ಸರಿಯಲ್ಲ. ಚಳಿ 700 ವರ್ಷದಿಂದ ಇದೆ. ಬದಲಾದದ್ದು ಮೀನು ಹಿಡಿಯುವ ಹಕ್ಕು. 1980ರ ದಶಕದ ಕೊನೆಗೆ ಕಾಡ್ ಮೀನು ಕುಸಿಯಿತು. ಅದನ್ನು ಉಳಿಸಲು 1990ರಿಂದ ದೋಣಿಗೆ ಇಷ್ಟೇ ಎಂದು ಕೋಟಾ ಬಂತು. ಮೀನು ಚೇತರಿಸಿಕೊಂಡಿತು, ಅದು ಒಳ್ಳೆಯ ಕೆಲಸ. ಆದರೆ ಕಾಲಕ್ರಮೇಣ ಹಕ್ಕುಗಳು ದೋಣಿಯ ಜೊತೆ ಬೇರೆ ಊರುಗಳಿಗೆ ಮಾರಾಟವಾದವು, ದೊಡ್ಡ ಹಡಗುಗಳ ಕೈ ಸೇರಿದವು, ವಾರ್ಡೊದ ಮೀನು ಕಾರ್ಖಾನೆಗಳು ಮುಚ್ಚಿದವು. ಕಿಟಕಿಯಾಚೆ ಮೀನು ಈಜುತ್ತಿದ್ದರೂ ಹಿಡಿಯುವ ಕಾಗದ ಇಲ್ಲ ಎಂಬ ಸ್ಥಿತಿ ಬಂತು. ಮೀನು ಉಳಿಸುವ ನಿಯಮ ಮಾಡುವಾಗ ಮೀನುಗಾರರ ಊರು ಉಳಿಸುವ ನಿಯಮವನ್ನೂ ಜೊತೆಗೇ ಮಾಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಂತ ಊರು ಕೈಚೆಲ್ಲಿ ಕೂತಿಲ್ಲ. 1982ರಲ್ಲಿ ದಡದಿಂದ ದ್ವೀಪಕ್ಕೆ ಸಮುದ್ರದಡಿ ಸುರಂಗ ರಸ್ತೆ ತೆರೆಯಿತು. ಸುಮಾರು 2.9 ಕಿ.ಮೀ. ಉದ್ದ, ಸಮುದ್ರ ಮಟ್ಟಕ್ಕಿಂತ 88 ಮೀಟರ್ ಕೆಳಗೆ. ನಾರ್ವೆಯ ಮೊದಲ ಸಮುದ್ರದಡಿ ರಸ್ತೆ ಸುರಂಗ ಇದೇ. ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಶುರುವಾಗುವ ಇ75 ಹೆದ್ದಾರಿ ಇಲ್ಲಿ ಮುಗಿಯುತ್ತದೆ. ಉತ್ತರ ನಾರ್ವೆ ಕರಾವಳಿಯ ತೈಲ ಹಡಗುಗಳ ಮೇಲೆ ಕಣ್ಣಿಡುವ ಕೇಂದ್ರ 2007ರಿಂದ ಇಲ್ಲಿದೆ. ಖಾಲಿ ಮನೆಗಳ ಗೋಡೆಗಳ ಮೇಲೆ 2012ರಲ್ಲಿ ಬೇರೆಬೇರೆ ದೇಶದ ಕಲಾವಿದರು ಚಿತ್ರ ಬರೆದರು, ಆಮೇಲೆ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಕೆಲಸವೂ ನಡೆಯುತ್ತಿದೆ. ಸೋವಿಯತ್ ವಿಜ್ಞಾನಿಗಳು 1960ರ ದಶಕದಲ್ಲಿ ಕೋಲಾ ಕಡೆ ತಂದು ಬಿಟ್ಟ ಕೆಂಪು ರಾಜ ಏಡಿ ಗಡಿ ದಾಟಿ ಬಂದು, ಈ ಕರಾವಳಿಗೆ ಹೊಸ ಆದಾಯವಾಗಿದೆ.

ಊರಿನ ಮೇಲೆ ಕಾಣುವ ದೊಡ್ಡ ಬಿಳಿ ಗುಮ್ಮಟಗಳು ಗ್ಲೋಬಸ್ ರೇಡಾರ್‌ಗಳದ್ದು. ನಾರ್ವೆಯ ಸೇನಾ ಗುಪ್ತಚರ ವಿಭಾಗ ಅಮೆರಿಕದ ಜೊತೆ ಸೇರಿ ನಡೆಸುತ್ತದೆ. ಬಾಹ್ಯಾಕಾಶದ ವಸ್ತುಗಳನ್ನು ಗಮನಿಸಲು ಎಂದು ಅಧಿಕೃತ ಹೇಳಿಕೆ. ರಷ್ಯಾ ಅದನ್ನು ಬೇರೆಯೇ ರೀತಿ ನೋಡುತ್ತದೆ. 2018ರಲ್ಲಿ ರಷ್ಯಾದ ಯುದ್ಧವಿಮಾನಗಳು ಈ ರೇಡಾರ್ ಮೇಲೆ ದಾಳಿ ಮಾಡುವಂತೆ ಅಣಕು ಹಾರಾಟ ನಡೆಸಿದವು ಎಂದು ನಾರ್ವೆ ಹೇಳಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಮೀನು ಹಡಗುಗಳಿಗೆ ನಾರ್ವೆಯ ಮೂರೇ ಬಂದರು ಎಂದಾಯಿತು: ಟ್ರೊಮ್ಸೊ, ಕಿರ್ಕೆನೆಸ್, ಬೋಟ್ಸ್‌ಫ್ಯೂರ್ಡ್. ಪೊಮೊರ್ ವ್ಯಾಪಾರದ ವಾರ್ಡೊ ಆ ಪಟ್ಟಿಯಲ್ಲಿಲ್ಲ. ಇಷ್ಟಾದರೂ ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನಿನ ಕೋಟಾವನ್ನು ಎರಡು ದೇಶಗಳೂ ಕೂತು ಮಾತಾಡಿ ನಿಗದಿ ಮಾಡುವ ವ್ಯವಸ್ಥೆ 1970ರ ದಶಕದಿಂದ ನಿಂತಿಲ್ಲ.

ನಿಮ್ಮ ಪ್ರಯಾಣದ ವಿಷಯ. ಖಂಡಿತ ಹೋಗಿ. ಟ್ರೊಮ್ಸೊದಿಂದ ಪೂರ್ವಕ್ಕೆ ಹೋಗುವ ಕರಾವಳಿ ಹಡಗು ವಾರ್ಡೊದಲ್ಲಿ ನಿಲ್ಲುತ್ತದೆ. ಆದರೆ ನಿಲ್ಲುವ ಹೊತ್ತು ತೀರಾ ಕಡಿಮೆ, ಅದನ್ನೇ ನಂಬಿಕೊಂಡರೆ ಕೋಟೆ ನೋಡುವಷ್ಟರಲ್ಲಿ ಹಡಗು ಹೊರಡುತ್ತದೆ. ಇಳಿದು ಎರಡು ರಾತ್ರಿಯಾದರೂ ಉಳಿಯಿರಿ. ಏಪ್ರಿಲ್‌ನಿಂದ ಜುಲೈ ಮಧ್ಯದೊಳಗೆ ಹೋದರೆ ಬಂದರಿನಿಂದ ಸಣ್ಣ ದೋಣಿಯಲ್ಲಿ ಹೊರ್ನೊಯ ದ್ವೀಪಕ್ಕೆ ಹೋಗಬಹುದು. ಕಾಪೆಲಿನ್ ಮೀನನ್ನು ನಂಬಿ ಪಫಿನ್, ಗಿಲ್ಲೆಮಾಟ್, ಕಿಟ್ಟಿವೇಕ್ ಹಕ್ಕಿಗಳು ಸಾವಿರಗಟ್ಟಲೆ ಅಲ್ಲಿ ಗೂಡು ಮಾಡುತ್ತವೆ, ತೀರಾ ಹತ್ತಿರದಿಂದ ನೋಡಬಹುದು. ನಿಮ್ಮ ಮಗನಿಗೆ ಆಸಕ್ತಿ ಇದ್ದರೆ, ಟ್ರೊಮ್ಸೊ ವಿಶ್ವವಿದ್ಯಾಲಯದವರು ದಶಕಗಳಿಂದ ಅಲ್ಲಿ ಹಕ್ಕಿಗಳ ಲೆಕ್ಕ ಇಡುತ್ತಿದ್ದಾರೆ, ಮೊದಲೇ ಅವರನ್ನು ಕೇಳಿಕೊಂಡು ಹೋಗಲಿ. ಜೂನ್ ಆದರೂ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಮಧ್ಯರಾತ್ರಿಯೂ ಬೆಳಕಿರುವುದರಿಂದ ನಿದ್ದೆಗೆ ಕಣ್ಣಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.